ತಂಗಿ ಲಸಿಕೆ ಬೇಡ ಎನ್ನುತ್ತಾಳೆ, ಜಗಳವಿಲ್ಲದೆ ಹೇಗೆ ಹೇಳಲಿ?

ಪ್ರಶ್ನೆ: ನನ್ನ ತಂಗಿಗೆ 20 ವರ್ಷ. ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ವಾರ್ಡಿಗೆ ಕಳುಹಿಸುವ ಮೊದಲು ಹೆಪಟೈಟಿಸ್ ಬಿ (ರಕ್ತದ ಮೂಲಕ ಅಂಟುವ ಲಿವರ್ ಸೋಂಕು) ಲಸಿಕೆ ಹಾಕಿಸಿಕೊಳ್ಳಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ‘ಕೋವಿಡ್ ಲಸಿಕೆ ಹಾಕಿಸಿಕೊಂಡ ಹುಡುಗರೇ ಹೃದಯಾಘಾತದಿಂದ ಸಾಯುತ್ತಿದ್ದಾರೆ, ನನಗೆ ಇನ್ನು ಯಾವ ಸೂಜಿಯೂ ಬೇಡ’ ಎನ್ನುತ್ತಾಳೆ. ನಾನು ಬಾಯಿ ತೆರೆದರೆ ಸಾಕು, ಜಗಳ. ಏನು ಮಾಡಲಿ? – ಜಗಳೂರಿನ ಒಬ್ಬ ಅಣ್ಣ

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಮತ್ತೆ ಮತ್ತೆ ಬರುತ್ತದೆ. ತಂಗಿಯ ಜಾಗದಲ್ಲಿ ತಮ್ಮನೋ ಸೊಸೆಯೋ ಇರುತ್ತಾರೆ, ಹೆಪಟೈಟಿಸ್ ಜಾಗದಲ್ಲಿ ಧನುರ್ವಾಯುವೋ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯೋ ಇರುತ್ತದೆ. ಹೃದಯಾಘಾತದ ಮಾತು ಮಾತ್ರ ಎಲ್ಲದರಲ್ಲೂ ಇರುತ್ತದೆ.

ಇಪ್ಪತ್ತಾರು ವರ್ಷ ಆರೋಗ್ಯ ಸಹಾಯಕಿಯಾಗಿ ಲಸಿಕೆ ಡಬ್ಬಿ ಹೊತ್ತು ಹಳ್ಳಿ ತಿರುಗಿದವಳು ನಾನು. ಆದರೂ ನನ್ನ ಅಕ್ಕನ ಮಗನ ಮುಂದೆ ನಾನು ಸೋತೆ. 2022ರ ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನೂ ಇದೇ ಮಾತು ಎತ್ತಿದ. ನನಗೆ ಗೊತ್ತಿದ್ದ ಅಂಕಿಗಳನ್ನೆಲ್ಲ ಅವನ ಮುಂದೆ ಸುರಿದೆ. ಅವನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ. ಆಮೇಲೆ ಎಷ್ಟೋ ದಿನ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಕುಳಿತು ಶೇಂಗಾ ಬಿಡಿಸುತ್ತಿದ್ದಾಗ ಅವನಾಗಿಯೇ ಹೇಳಿದ: ‘ಚಿಕ್ಕಮ್ಮ, ನಮ್ಮ ಜೊತೆ ಕ್ರಿಕೆಟ್ ಆಡುತ್ತಿದ್ದವನು ಓಡುತ್ತಾ ಓಡುತ್ತಾ ಕುಸಿದುಬಿಟ್ಟ. ಬೈಕಿನಲ್ಲಿ ನಡುವೆ ಕೂರಿಸಿ ಹಿಡಿದುಕೊಂಡು ಹೋದವನು ನಾನು.’ ಆ ಗೆಳೆಯ ಎರಡನೇ ಡೋಸ್ ಹಾಕಿಸಿಕೊಂಡು ಮೂರು ತಿಂಗಳಾಗಿತ್ತು. ನಾನು ಆ ರಾತ್ರಿ ಲಸಿಕೆಯ ಬಗ್ಗೆ ಮಾತನಾಡಿದ್ದೆ. ಅವನಿಗೆ ಬೇಕಾಗಿದ್ದದ್ದು ಆ ಗೆಳೆಯನ ಬಗ್ಗೆ ಯಾರಾದರೂ ಕೇಳುವುದು.

ಆದ್ದರಿಂದ ಅಣ್ಣನವರೇ, ಮೊದಲು ತಂಗಿಯನ್ನು ಕೇಳಿ: ‘ಯಾರ ವಿಷಯ ಕೇಳಿ ನಿನಗೆ ಹೆದರಿಕೆಯಾಯಿತು?’ ಕೇಳಿದ ಮೇಲೆ ಸುಮ್ಮನಿರಿ. ಅವಳು ಮೊಬೈಲಿನಲ್ಲಿ ನೋಡಿದ ವಿಡಿಯೊ ಇರಬಹುದು, ಹಾಸ್ಟೆಲಿನ ಗೆಳತಿಯ ಅಣ್ಣ ಇರಬಹುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಕನ್ನಡ ನಾಡಿನ ಪ್ರತಿ ಮನೆಗೂ ಆ ಹೆದರಿಕೆ ಹೊಕ್ಕಿತು. 2025ರ ಜೂನ್ ಹೊತ್ತಿಗೆ ಹಾಸನದಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಅದು ಮತ್ತೆ ಎದ್ದಿತು. ಹೆದರಿದವರನ್ನು ದಡ್ಡರೆಂದು ಕರೆಯುವ ಹಕ್ಕು ನಮಗಿಲ್ಲ. ಅವಳು ಹೇಳಿ ಮುಗಿಸಿದ ಮೇಲೆ, ‘ನನಗೆ ತಿಳಿದದ್ದನ್ನು ಹೇಳಲೇ?’ ಎಂದು ಕೇಳಿ. ಬೇಡ ಎಂದರೆ ಆ ದಿನಕ್ಕೆ ಬಿಟ್ಟುಬಿಡಿ. ಹೂಂ ಎಂದರೆ ಹೇಳಲು ನಿಮ್ಮ ಬಳಿ ಗಟ್ಟಿ ವಿಷಯ ಇರಬೇಕು, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಇದೇ ಅನುಮಾನವನ್ನು ಪರೀಕ್ಷಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿತು. 18ರಿಂದ 45 ವರ್ಷದೊಳಗೆ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ಸುತ್ತಮುತ್ತ ಬದುಕಿರುವ 2,916 ಮಂದಿಯೊಂದಿಗೆ ಹೋಲಿಸಿದರು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿದವರಲ್ಲಿ, ಅತಿಯಾಗಿ ದೇಹ ದಂಡಿಸಿದವರಲ್ಲಿ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ನಮ್ಮ ರಾಜ್ಯ ಸರ್ಕಾರ ನೇಮಿಸಿದ್ದ ಸಮಿತಿಯೂ 2025ರ ಜುಲೈನಲ್ಲಿ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ ಎಂದೇ ಹೇಳಿತು.

ಆದರೆ ಲಸಿಕೆಯಿಂದ ಯಾರಿಗೂ ಏನೂ ಆಗುವುದೇ ಇಲ್ಲ ಎಂದು ಮಾತ್ರ ಹೇಳಬೇಡಿ. ಅದು ಸುಳ್ಳು, ಮತ್ತು ಅವಳಿಗೆ ಅದು ಗೊತ್ತು. ಕೋವಿಶೀಲ್ಡ್ ಸೂತ್ರ ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯೇ, ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದೆಂದು ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಆ ತೊಂದರೆ ಕಾಣಿಸಿಕೊಳ್ಳುತ್ತಿದ್ದದ್ದು ಲಸಿಕೆ ಪಡೆದ ಕೆಲವು ವಾರಗಳಲ್ಲಿ. ವರ್ಷಗಟ್ಟಲೆ ಕಾದು ಕುಳಿತು ಬರುವಂಥದ್ದಲ್ಲ. ಇಷ್ಟನ್ನು ನೀವೇ ಮೊದಲು ಒಪ್ಪಿಕೊಂಡರೆ ಮುಂದಿನ ಮಾತನ್ನು ಅವಳು ಕೇಳುತ್ತಾಳೆ.

ಮುಂದಿನ ಮಾತೆಂದರೆ, ಈಗ ಅವಳ ಮುಂದಿರುವುದು ಕೋವಿಡ್ ಲಸಿಕೆಯೇ ಅಲ್ಲ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ವೈರಾಣು ಇಲ್ಲ. ಅದರ ಹೊರಮೈಯ ಒಂದು ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ತೆಗೆದದ್ದು ಅಷ್ಟೇ. ಈ ಬಗೆಯ ಲಸಿಕೆ 1986ರಿಂದ ಬಳಕೆಯಲ್ಲಿದೆ. ನಮ್ಮಲ್ಲಿ ಹಸುಗೂಸುಗಳಿಗೂ ಹುಟ್ಟಿದ 24 ಗಂಟೆಯೊಳಗೆ ಕೊಡುತ್ತೇವೆ. ನಾನೇ ಎಷ್ಟೋ ಪುಟ್ಟ ತೊಡೆಗಳಿಗೆ ಕೊಟ್ಟಿದ್ದೇನೆ. ತೋಳು ಒಂದೆರಡು ದಿನ ನೋಯಬಹುದು, ಸಣ್ಣ ಜ್ವರ ಬರಬಹುದು. ತೀವ್ರ ಅಲರ್ಜಿ ಬಲು ಅಪರೂಪ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಅದಕ್ಕಾಗಿಯೇ.

‘ಚಿಕ್ಕವಳಿದ್ದಾಗ ಹಾಕಿಸಿರಬೇಕು’ ಎಂದು ಅಮ್ಮ ಹೇಳಬಹುದು. ಬೀರುವಿನಲ್ಲಿ ಹಳೆಯ ಲಸಿಕೆ ಕಾರ್ಡ್ ಇದ್ದರೆ ತೆಗೆದು ನೋಡಿ. ಈ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಇಡೀ ದೇಶಕ್ಕೆ ವಿಸ್ತರಣೆಯಾದದ್ದು 2011ರಲ್ಲಿ. ನಿಮ್ಮ ತಂಗಿ ಹುಟ್ಟಿದ್ದು ಅದಕ್ಕೆ ಮುಂಚೆ. ಪೋಲಿಯೊ, ದಡಾರ ಎಲ್ಲ ಹಾಕಿಸಿದ್ದರೂ ಇದೊಂದು ತಪ್ಪಿಹೋಗಿರುವ ಸಾಧ್ಯತೆ ಹೆಚ್ಚು.

ಅವಳಿಗೆ ಇದು ಯಾಕೆ ಬೇಕು? ವಾರ್ಡಿನಲ್ಲಿ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡ ಹುಡುಗಿಯರನ್ನು ನಾನು ನೋಡಿದ್ದೇನೆ. ಕೈಗವಸಿನ ಒಳಗೆ ಸಾಸಿವೆಯಷ್ಟು ರಕ್ತ. ಮುಖ ಬಿಳುಚಿಕೊಂಡು ಅವರು ಮೊದಲು ಕೇಳುವುದು ಎಚ್‌ಐವಿ ಬರುತ್ತದೆಯೇ ಎಂದು. ಎಚ್‌ಐವಿ ಇರುವವರ ರಕ್ತ ಮೆತ್ತಿದ ಸೂಜಿ ಚುಚ್ಚಿದರೆ ಅದು ಅಂಟುವುದು ಸಾವಿರಕ್ಕೆ ಮೂರು ಮಂದಿಗೆ. ಹೆಪಟೈಟಿಸ್ ಬಿ, ಲಸಿಕೆ ಪಡೆಯದವರಲ್ಲಿ, ನೂರಕ್ಕೆ 6ರಿಂದ 30 ಮಂದಿಗೆ ಅಂಟುತ್ತದೆ. ಒಣಗಿದ ರಕ್ತದ ಕಲೆಯಲ್ಲೂ ಈ ವೈರಾಣು ಏಳು ದಿನ ಜೀವ ಹಿಡಿದುಕೊಂಡಿರಬಲ್ಲದು. ದೊಡ್ಡವರಲ್ಲಿ ಬಹುಪಾಲು ಮಂದಿ ಗುಣವಾಗುತ್ತಾರೆ, ನಿಜ. ಗುಣವಾಗದೆ ಉಳಿದವರಿಗೆ ವರ್ಷಗಳ ನಂತರ ಲಿವರ್ ಗಟ್ಟಿಯಾಗುವುದು, ಲಿವರಿನ ಕ್ಯಾನ್ಸರ್.

ಇನ್ನೊಂದು ಮಾತು. ಅವಳು ನಾಳೆ ಬೇರೆಯವರಿಗೆ ಲಸಿಕೆ ಹಾಕುವವಳು. ಹಾಕಿಸಿಕೊಳ್ಳುವ ಮೊದಲು ಬಾಟಲಿಯನ್ನು ಕೈಗೆ ಕೊಡಿ ಎಂದು ಕೇಳಲಿ. ಅವಧಿ ಮುಗಿಯುವ ದಿನಾಂಕ ನೋಡಲಿ. ಅಲುಗಾಡಿಸಿದರೆ ಅಕ್ಕಚ್ಚಿನಂತೆ ಒಂದೇ ಸಮ ಮಸುಕಾಗಿ ಕಾಣಬೇಕು. ಅತಿ ಶೀತಕ್ಕೆ ಹೆಪ್ಪುಗಟ್ಟಿ ಕೆಟ್ಟ ಲಸಿಕೆಯಾದರೆ ಚೂರು ಚೂರು ತೇಲುತ್ತದೆ, ಬೇಗನೆ ತಳಕ್ಕಿಳಿಯುತ್ತದೆ. ಕೈಯಲ್ಲಿ ಹಿಡಿದು ಪರೀಕ್ಷಿಸಿದ ವಸ್ತುವಿನ ಬಗ್ಗೆ ಹೆದರಿಕೆ ಕಡಿಮೆಯಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಈ ಮಾತುಗಳನ್ನು ಯಾವಾಗ ಆಡುವಿರಿ ಎಂಬುದೂ ಮುಖ್ಯ. ಹಬ್ಬಕ್ಕೆ ಬಂದ ನೆಂಟರ ಮುಂದೆ ಬೇಡ. ಫೋನಿನಲ್ಲಿ ಬೇಡ, ವಿಡಿಯೊಗೆ ವಿಡಿಯೊ ಕಳುಹಿಸುವುದಂತೂ ಬೇಡವೇ ಬೇಡ. ದಾವಣಗೆರೆಗೆ ಹೋದ ದಿನ ಸಂಜೆ ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತಾ ಮಾತನಾಡಿ. ಅಕ್ಕಪಕ್ಕದಲ್ಲಿ ನಡೆಯುವಾಗ ಎದುರು ಕುಳಿತಾಗಿನ ಬಿಗಿ ಇರುವುದಿಲ್ಲ. ಒಪ್ಪಿದರೆ ಮೊದಲ ಡೋಸಿನ ದಿನ ಜೊತೆಗೆ ಹೋಗಿ. ಮೊದಲನೆಯದರಿಂದ ಎಣಿಸಿದರೆ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಜನ ಮರೆಯುವುದು ಮೂರನೆಯದನ್ನು, ಅದನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಗುರುತು ಮಾಡಿಡಿ. ಮೂರನೆಯದಾದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿದರೆ ರಕ್ಷಣೆ ಬಂದಿದೆಯೇ ಎಂಬುದು ಗೊತ್ತಾಗುತ್ತದೆ.

ಒಪ್ಪದೆಯೂ ಇರಬಹುದು. ನನ್ನ ಅಕ್ಕನ ಮಗ ಒಪ್ಪಲು ಒಂದು ವರ್ಷವೇ ಹಿಡಿಯಿತು. ಮೆಕ್ಕೆಜೋಳ ಒಕ್ಕುವ ಯಂತ್ರಕ್ಕೆ ಕೈ ತಗುಲಿ ಗಾಯವಾದಾಗ, ‘ಚಿಕ್ಕಮ್ಮ, ಟಿಟಿ ಹಾಕಿಸಲೇ?’ ಎಂದು ಅವನೇ ಫೋನ್ ಮಾಡಿದ. ತಂಗಿ ಈಗ ಬೇಡ ಎಂದರೂ ಒಂದು ವಿಷಯವನ್ನು ಮಾತ್ರ ಅವಳ ಕಿವಿಗೆ ಹಾಕಿಬಿಡಿ: ಸೂಜಿ ಚುಚ್ಚಿದರೆ ಬೆರಳನ್ನು ಹಿಂಡಬಾರದು, ಬಾಯಿಗೆ ಹಾಕಬಾರದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಬೈಯುತ್ತಾರೆಂದು ಮುಚ್ಚಿಡದೆ, ಪಾಳಿಯಲ್ಲಿರುವ ಸಿಸ್ಟರ್‌ಗೆ ತಕ್ಷಣ ಹೇಳಬೇಕು. 24 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟರೆ ಆಗಲೂ ರಕ್ಷಣೆ ಸಿಗುತ್ತದೆ.