ಬಿಜಿಪಿ: ಇಂಟರ್‌ನೆಟ್ಟಿಗೆ ದಾರಿ ತೋರಿಸುವ ಮಾತುಕತೆ

ಮಡಿಕೇರಿಯ ಮನೆಯಿಂದ ವಿರಾಜಪೇಟೆಯ ಮನೆಗೆ ಒಂದು ಫೈಲ್ ಕಳಿಸುತ್ತೀರಿ. ಎರಡು ಮನೆಗಳ ಇಂಟರ್‌ನೆಟ್ ಕಂಪನಿ ಬೇರೆ ಬೇರೆ ಆಗಿದ್ದರೆ ಆ ಡೇಟಾ ಬೆಂಗಳೂರು ಸುತ್ತಿಕೊಂಡು ಬರಬಹುದು. ಆ ಎರಡು ಕಂಪನಿಗಳ ಕೇಬಲ್ ಸೇರುವುದು ಅಲ್ಲೇ ಆಗಿದ್ದರೆ ಬೇರೆ ದಾರಿಯೇ ಇಲ್ಲ. ಕಂಪನಿಯಿಂದ ಕಂಪನಿಗೆ ಯಾವ ದಾರಿ ಎಂದು ರೂಟರ್‌ಗಳು (ಡೇಟಾವನ್ನು ಮುಂದಕ್ಕೆ ದಾಟಿಸುವ ಯಂತ್ರಗಳು) ಮಾತಾಡಿಕೊಳ್ಳುವ ಪದ್ಧತಿಯೇ ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. 1989ರಲ್ಲಿ ಕರ್ಕ್ ಲೋಹೀಡ್ ಮತ್ತು ಯಾಕೊವ್ ರೆಖ್ಟರ್ ಇದನ್ನು ರೂಪಿಸಿದರು. ಈಗ ಓಡುತ್ತಿರುವುದು ನಾಲ್ಕನೇ ಆವೃತ್ತಿ.

ಇಂಟರ್‌ನೆಟ್ ಅಂದರೆ ಸಾವಿರಾರು ನೆಟ್‌ವರ್ಕ್‌ಗಳ ಕೂಟ. ಒಂದೊಂದಕ್ಕೂ ಎಎಸ್ (ಅಟಾನಮಸ್ ಸಿಸ್ಟಮ್) ನಂಬರ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಬಿಎಸ್‌ಎನ್‌ಎಲ್‌ದು 9829, ಜಿಯೋದು 55836. ಇಡೀ ಲೋಕದ ನಕ್ಷೆ ಯಾರ ಹತ್ತಿರವೂ ಇಲ್ಲ. ಸಂಪಾಜೆ ಘಾಟಿಯಲ್ಲಿ ಗುಡ್ಡ ಜರಿದರೆ ಎದುರಿನಿಂದ ಬಂದ ಬಸ್ಸಿನವರು ಹೇಳಿ ನಮಗೆ ಗೊತ್ತಾಗುತ್ತದಲ್ವಾ, ಹಾಗೆ ಪ್ರತಿ ರೂಟರ್‌ಗೂ ಪಕ್ಕದ ರೂಟರ್ ಹೇಳಿದ್ದೇ ಸುದ್ದಿ.

ಮಾತು ಶುರುವಾಗುವುದು 'ಓಪನ್' ಸಂದೇಶದಿಂದ: ನನ್ನ ನಂಬರ್ ಇದು, ಇಷ್ಟು ಸೆಕೆಂಡ್ ನನ್ನ ಸದ್ದಿಲ್ಲದಿದ್ದರೆ ಸಂಪರ್ಕ ಹೋಯಿತು ಅಂದುಕೋ. ಆಮೇಲೆ ಆಗಾಗ 'ಕೀಪ್‌ಅಲೈವ್', 'ನಾನಿನ್ನೂ ಇದ್ದೇನೆ' ಎಂದು ಹೇಳುವುದಕ್ಕಷ್ಟೇ. ಏನಾದರೂ ತಪ್ಪಾದರೆ 'ನೋಟಿಫಿಕೇಶನ್' ಕಳಿಸಿ ಮಾತು ಮುರಿದುಕೊಳ್ಳುತ್ತದೆ. ನಿಜವಾದ ಸರಕು ಇರುವುದು 'ಅಪ್‌ಡೇಟ್' ಸಂದೇಶದಲ್ಲಿ. ಹೊಸ ದಾರಿ ಬಂತು, ಹಳೆಯದು ಹೋಯಿತು, ಎರಡನ್ನೂ ಅದೇ ಹೇಳುತ್ತದೆ.

ಒಂದು ಅಪ್‌ಡೇಟನ್ನು ಬಿಡಿಸಿ ನೋಡೋಣ. ಕುಶಾಲನಗರದ ಒಂದು ಸಣ್ಣ ಕಂಪನಿಯ ನಂಬರ್ 64500 ಅಂತಿಟ್ಟುಕೊಳ್ಳಿ (ಉದಾಹರಣೆಗೆಂದೇ ಮೀಸಲಿಟ್ಟ ನಂಬರ್ ಇದು). '203.0.113.0/24 ನನ್ನಲ್ಲಿದೆ, ದಾರಿ 64500' ಎಂದು ಅದು ಸಾರುತ್ತದೆ. /24 ಅಂದರೆ 256 ಇಂಟರ್‌ನೆಟ್ ವಿಳಾಸಗಳ ಗುಂಪು. ಅದನ್ನು ಕೇಳಿದ 64501 ತನ್ನ ನಂಬರನ್ನು ಮುಂದೆ ಸೇರಿಸಿ 'ದಾರಿ 64501 64500' ಎಂದು ಆಚೆಯವರಿಗೆ ದಾಟಿಸುತ್ತದೆ. ಯಾರಾದರೂ ಆ ಸಾಲಿನಲ್ಲಿ ತಮ್ಮದೇ ನಂಬರ್ ಕಂಡರೆ ಆ ದಾರಿಯನ್ನು ಬಿಟ್ಟುಬಿಡುತ್ತಾರೆ. ಡೇಟಾ ಸುತ್ತಿದಲ್ಲೇ ಸುತ್ತುವುದು ಹೀಗೆ ತಪ್ಪುತ್ತದೆ. ಇಷ್ಟು ಸರಳ ಉಪಾಯದ ಮೇಲೆ ಸುಮಾರು ಹತ್ತು ಲಕ್ಷ ದಾರಿಗಳ ಪಟ್ಟಿ ನಿಂತಿದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಒಂದೇ ಜಾಗಕ್ಕೆ ನಾಲ್ಕು ದಾರಿ ಕೇಳಿಬಂದರೆ? ಹತ್ತಿರದ ದಾರಿ, ವೇಗದ ದಾರಿ ಗೆಲ್ಲುತ್ತದೆ ಎಂದು ಜಾಸ್ತಿ ಜನ ಅಂದುಕೊಂಡಿದ್ದಾರೆ. ಕಿಲೋಮೀಟರೂ ವೇಗವೂ ಬಿಜಿಪಿಗೆ ಕಾಣುವುದೇ ಇಲ್ಲ. ಅದು ಮೊದಲು ನೋಡುವುದು 'ಲೋಕಲ್ ಪ್ರಿಫರೆನ್ಸ್', ಕಂಪನಿಯೇ ಹಾಕಿಟ್ಟ ಅಂಕ. ಸಾಮಾನ್ಯವಾಗಿ ನಮಗೆ ದುಡ್ಡು ಕೊಡುವ ಗ್ರಾಹಕನ ದಾರಿಗೆ ಹೆಚ್ಚು ಅಂಕ, ನಾವು ದುಡ್ಡು ಕೊಡಬೇಕಾದವರ ದಾರಿಗೆ ಕಡಿಮೆ. ಅಂಕ ಸಮ ಆದರೆ ನಂಬರ್‌ಗಳ ಸಾಲು ಯಾವುದು ಚಿಕ್ಕದು ಎಂದು ನೋಡುತ್ತದೆ. ಆಮೇಲೂ ಕೆಲವು ಮೆಟ್ಟಿಲುಗಳಿವೆ, ಅಲ್ಲಿಯ ತನಕ ಹೋಗುವುದು ಬೇಡ. ವ್ಯವಹಾರ ಮೊದಲು, ದಾರಿಯ ಉದ್ದ ಆಮೇಲೆ ಅನ್ನುವುದು ತಿಳಿದಿರಲಿ.

ಹೇಳಿದ್ದನ್ನು ನಂಬುವ ಗುಣ ಬಿಜಿಪಿಯ ದೊಡ್ಡ ಅಪಾಯ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟು, ಯೂಟ್ಯೂಬ್‌ನ 256 ವಿಳಾಸಗಳು ತನ್ನಲ್ಲಿವೆ ಎಂದು ಸಾರಿತು. ಅದು ದೇಶದ ಹೊರಗೂ ಹರಡಿತು. ಯೂಟ್ಯೂಬ್ ತಾನೇ ಸಾರಿದ್ದು 1024 ವಿಳಾಸಗಳ ದೊಡ್ಡ ಗುಂಪು. ಚಿಕ್ಕ ಗುಂಪಿನ ದಾರಿ ಇದ್ದರೆ ರೂಟರ್ ಅದನ್ನೇ ಹಿಡಿಯುತ್ತದೆ. ಸುಮಾರು ಎರಡು ಗಂಟೆ ಯೂಟ್ಯೂಬ್ ಲೋಕದ ಬಹುಭಾಗಕ್ಕೆ ಸಿಗಲಿಲ್ಲ. ಯಾವ ವಿಳಾಸ ಯಾರು ಸಾರಬಹುದು ಎಂದು ಸಹಿ ಹಾಕಿಡುವ ಆರ್‌ಪಿಕೆಐ ಪದ್ಧತಿ ಈಗಿದೆ. ಇಂಥ ಸುಳ್ಳು ಸಾರಿಕೆಯನ್ನು ಅದು ಬಹುಮಟ್ಟಿಗೆ ಹಿಡಿಯುತ್ತದೆ. ಎಲ್ಲ ಕಂಪನಿಗಳೂ ಅದನ್ನು ಅಳವಡಿಸಿಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಮಳೆಗಾಲದ ಮಾತು. ಮರ ಬಿದ್ದು ಕೇಬಲ್ ತುಂಡಾದರೆ ರೂಟರ್‌ಗೆ ಬಹಳ ಸಲ ತಕ್ಷಣ ಗೊತ್ತಾಗುತ್ತದೆ. ನಡುವೆ ಎಲ್ಲೋ ಕಡಿದು, ಈ ತುದಿಯ ಲೈಟ್ ಉರಿಯುತ್ತಲೇ ಇದ್ದರೆ, ಕೀಪ್‌ಅಲೈವ್ ನಿಂತು ಗಡುವು ಮುಗಿಯುವ ತನಕ ಡೇಟಾ ಹಳ್ಳಕ್ಕೆ ಬೀಳುತ್ತಿರುತ್ತದೆ. ಗಡುವು 90 ಸೆಕೆಂಡ್ ಇರಲಿ ಎಂಬುದು ಮೂಲ ಸಲಹೆ. ಆಮೇಲೆ ಇನ್ನೊಂದು ದಾರಿ ಹಿಡಿಯುತ್ತದೆ, ಇನ್ನೊಂದು ಇದ್ದರೆ. ಹೋಂಸ್ಟೇ ನಡೆಸುವವರು ಎರಡು ಕಂಪನಿಯ ಕನೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಎರಡರ ಕೇಬಲೂ ಅದೇ ಕಂಬಗಳ ಮೇಲೆ ಹೋದರೆ ಒಂದು ಮರಕ್ಕೆ ಎರಡೂ ಹೋಗುತ್ತವೆ. ಕನೆಕ್ಷನ್ ತಗೊಳ್ಳುವಾಗ ಎಷ್ಟು ಸ್ಪೀಡ್ ಎಂದು ಕೇಳುವ ಜೊತೆಗೆ, 'ನಿಮ್ಮ ಲೈನ್ ಮೈಸೂರು ಕಡೆಯಿಂದ ಮಾತ್ರವೋ, ಮಂಗಳೂರು ಕಡೆಯಿಂದಲೂ ಇದೆಯೋ?' ಎಂದೂ ಕೇಳಿ.