ಐದು ಲಕ್ಷದ ಕಾರ್ಡ್ ಇದೆ, ತಿಂಗಳ ಗುಳಿಗೆಗೆ ನಡೆಯೋದಿಲ್ಲ

ರೋಣ, ಮುಂಡರಗಿ, ಹಾನಗಲ್ ಕಡೆಯಿಂದ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರುವವರನ್ನು ನೋಡಿ. ಕೈಯಲ್ಲಿ ಮಡಚಿ ಮಡಚಿ ಹರಿದ ಓಪಿಡಿ (ಅಡ್ಮಿಟ್ ಆಗದೆ ತೋರಿಸಿಕೊಳ್ಳುವವರ) ಚೀಟಿ, ಚೀಲದಲ್ಲಿ ರೊಟ್ಟಿ ಗಂಟು. ಡಾಕ್ಟರಿಗೆ ತೋರಿಸಿ ಗುಳಿಗೆ ತಗೊಂಡು ಊರು ಸೇರೋದರೊಳಗೆ ಅವತ್ತಿನ ಕೂಲಿ ಹೋಗಿರುತ್ತದೆ. ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಇದ್ದರೂ ಊರ ಹತ್ತಿರದ ಖಾಸಗಿ ಮನೋವೈದ್ಯರಿಗೆ ತೋರಿಸಲು ಅದು ಉಪಯೋಗಕ್ಕಿಲ್ಲ, ಯಾಕಂದ್ರೆ ಆ ಕಾರ್ಡ್ ಇರೋದು ಅಡ್ಮಿಟ್ ಆದವರಿಗೆ.

ದುಡ್ಡು ಕೊಟ್ಟು ಪಾಲಿಸಿ ಮಾಡಿಸಿದವರ ಕಥೆ ಬೇರೆ. ತೀರಾ ಇತ್ತೀಚಿನವರೆಗೂ ಹೆಚ್ಚಿನ ಪಾಲಿಸಿಗಳು ಮನಸ್ಸಿನ ಕಾಯಿಲೆಯನ್ನು ಹೊರಗೇ ಇಟ್ಟಿದ್ದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಕಲಂ ಇದನ್ನು ತಪ್ಪು ಅಂದಿತು. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಎಂದಿತು. 2018ರ ಮೇನಲ್ಲಿ ಕಾಯ್ದೆ ಜಾರಿಗೆ ಬಂತು, ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಆದರೂ ಕ್ಲೇಮ್ ತಿರಸ್ಕಾರ ನಿಲ್ಲಲಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಪಾಲಿಸಿದಾರರ ಪರ ತೀರ್ಪು ಕೊಟ್ಟಿತು. ಕೊನೆಗೆ ಪಾಲಿಸಿಗಳಲ್ಲಿ ಮನಸ್ಸಿನ ಕಾಯಿಲೆಯನ್ನೂ ಸೇರಿಸಿ ಅಂತ ಪ್ರಾಧಿಕಾರ ಕಂಪನಿಗಳಿಗೆ 2022ರ ಅಕ್ಟೋಬರ್ 31ರ ಗಡುವು ಹಾಕಬೇಕಾಯಿತು.

ಇಷ್ಟಾದರೂ ಮುಖ್ಯ ತೊಡಕು ಹಾಗೇ ಇದೆ. ಡಿಪ್ರೆಶನ್ ಇರುವ ಹೆಚ್ಚಿನವರಿಗೆ ಬೇಕಾಗೋದು ಬೆಡ್ ಅಲ್ಲ. ತಿಂಗಳಿಗೊಮ್ಮೆ ಡಾಕ್ಟರ್, ವರ್ಷಗಟ್ಟಲೆ ಗುಳಿಗೆ, ಕೂತು ಮಾತಾಡಿಸುವ ಕೌನ್ಸೆಲಿಂಗ್. ಇದೆಲ್ಲ ಓಪಿಡಿ ಖರ್ಚು. ಸಾಮಾನ್ಯ ಪಾಲಿಸಿಗಳು ಹೆಚ್ಚಾಗಿ 24 ಗಂಟೆ ಆಸ್ಪತ್ರೆಯಲ್ಲಿದ್ದರೆ ಮಾತ್ರ ದುಡ್ಡು ಕೊಡುತ್ತವೆ. ಹಾವೇರಿ, ಗದಗದ ಹಳ್ಳಿಗಳಲ್ಲಿ ಸಹಕಾರಿ ಸಂಘದ ಸದಸ್ಯರು ನಂಬಿಕೊಂಡಿರುವ ಯಶಸ್ವಿನಿ ಆರೋಗ್ಯ ಯೋಜನೆಯೂ ಮುಖ್ಯವಾಗಿ ಆಪರೇಷನ್‌ಗೆ ಅಂತಲೇ ಹುಟ್ಟಿದ್ದು. ಸಮಾನತೆ ಕಾಯ್ದೆಯಲ್ಲಿ ಬಂತು, ಔಷಧದಂಗಡಿಯ ಬಿಲ್ಲಿಗೆ ಬರಲಿಲ್ಲ. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ.

ನಿಜವಾಗಿ ಕೆಲಸಕ್ಕೆ ಬರೋದು ಹಳೇ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆ ಅದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ತಾರಿಹಾಳದ ಫ್ಯಾಕ್ಟರಿ ಕೆಲಸಗಾರನಿಗೆ ಡಾಕ್ಟರ್, ಔಷಧ ಎರಡೂ ಅದರಲ್ಲೇ ಬರುತ್ತವೆ. ಸೈಕೋಸಿಸ್‌ನಂಥ ಗಂಭೀರ ಕಾಯಿಲೆಯಾದರೆ, ಷರತ್ತು ಪೂರೈಸಿದವರಿಗೆ ಶೇ. 80ರಷ್ಟು ಕೂಲಿ ಎರಡು ವರ್ಷದವರೆಗೂ ಸಿಗಬಹುದು. ಆದರೆ ಅದೇ ಫ್ಯಾಕ್ಟರಿ ಎದುರು ಚಹಾ ಮಾರುವವನಿಗೆ ಇದ್ಯಾವುದೂ ಇಲ್ಲ, ಅಲ್ವಾ?

ಅಂಥವರಿಗೆ ಸದ್ಯ ಇರೋದು ಸರ್ಕಾರಿ ಆಸ್ಪತ್ರೆಯೇ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಲಿ ಅಂತಲೇ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದಿತು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಅದಕ್ಕೆ ಯಾವ ಕಾರ್ಡೂ ಬೇಡ. ಇನ್ನು ಹೊಸ ಪಾಲಿಸಿ ಮಾಡಿಸುವವರು ಏಜೆಂಟರನ್ನು ಓಪಿಡಿ ಬಗ್ಗೆ ಮೊದಲೇ ಕೇಳಿ, ಉತ್ತರ ಬಾಯಿಮಾತಲ್ಲಿ ಬೇಡ, ಪಾಲಿಸಿ ಪುಸ್ತಕದಲ್ಲೇ ತೋರಿಸಲಿ.