ಚಾಗಸ್ ಕಾಯಿಲೆಯಲ್ಲಿ ಹೃದಯವನ್ನು ಕೆಡಿಸುವುದು ಪರೋಪಜೀವಿಯೋ, ನಮ್ಮದೇ ರೋಗನಿರೋಧಕ ಶಕ್ತಿಯೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗ ತಾಲ್ಲೂಕಿನವಳು, ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಚಾಗಸ್ ಕಾಯಿಲೆಯ ಪರೋಪಜೀವಿ ಇಪ್ಪತ್ತು ವರ್ಷ ಮೈಯೊಳಗೆ ಇದ್ದು ಆಮೇಲೆ ಹೃದಯ ಕೆಡಿಸುತ್ತದೆ ಎಂದು ಓದಿದೆ. ಅಷ್ಟು ವರ್ಷ ರೋಗನಿರೋಧಕ ಶಕ್ತಿ ಏನು ಮಾಡುತ್ತಿರುತ್ತದೆ? ಹೃದಯವನ್ನು ಕೆಡಿಸುವುದು ಅದೇ ಏನು? ನಮ್ಮೂರಿನ ಮಣ್ಣಿನ ಮನೆಗಳ ಗೋಡೆಬಿರುಕಿನಲ್ಲಿಯೂ ತಿಗಣೆಗಳಿವೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಮ್ಮೂರಿನ ತಿಗಣೆಗಳಿಂದ ಈ ಕಾಯಿಲೆ ಬರುವುದಿಲ್ಲ. ಇದರ ಪರೋಪಜೀವಿಯಾದ ಟ್ರಿಪನೊಸೋಮಾ ಕ್ರೂಜಿ ಅಮೆರಿಕ ಖಂಡಗಳದ್ದು. ಅಲ್ಲಿ ಅದನ್ನು ಹರಡುವುದು ಟ್ರಯಟೋಮೈನ್ ಎಂಬ ಬೇರೆಯೇ ಗುಂಪಿನ ದೊಡ್ಡ ತಿಗಣೆ. ಅದು ರಕ್ತ ಹೀರುತ್ತಲೇ ಹಾಕುವ ಹಿಕ್ಕೆಯಲ್ಲಿ ಪರೋಪಜೀವಿ ಇರುತ್ತದೆ. ತುರಿಸಿಕೊಂಡಾಗ ಗಾಯದ ಮೂಲಕ ಅಥವಾ ಕಣ್ಣಿನ ಮೂಲಕ ಒಳಸೇರುತ್ತದೆ. 1909ರಲ್ಲಿ ಬ್ರೆಜಿಲ್‌ನ ಲಸಾನ್ಸ್ ಎಂಬ ಊರಿನಲ್ಲಿ ಕಾರ್ಲೋಸ್ ಚಾಗಸ್ ಎಂಬ ವೈದ್ಯರು ಇದನ್ನು ಗುರುತಿಸಿದರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ರೋಗನಿರೋಧಕ ಶಕ್ತಿ ಒಂದು ದಿನವೂ ಸುಮ್ಮನಿರುವುದಿಲ್ಲ. ಆದರೆ ಈ ಪರೋಪಜೀವಿ ಅದನ್ನು ತಪ್ಪಿಸಿಕೊಳ್ಳುವ ಬಗೆ ಅಸಾಧಾರಣವಾದದ್ದು. ಟ್ರಾನ್ಸ್-ಸಯಲಿಡೇಸ್ ಎಂಬ ಕಿಣ್ವದ ನೆರವಿನಿಂದ ಅದು ನಮ್ಮ ಜೀವಕೋಶಗಳ ಮೇಲಿನ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ಬಗೆಯ ಅಣುವನ್ನು ಕಿತ್ತು ತನ್ನ ಮೈಮೇಲೆ ಅಂಟಿಸಿಕೊಂಡು ನಮ್ಮದೇ ಕೋಶದಂತೆ ವೇಷ ಹಾಕುತ್ತದೆ. ಕೋಶದ ಒಳಹೊಕ್ಕಾಗ ತನ್ನನ್ನು ಸುತ್ತುವರಿದ ಪೊರೆಚೀಲವನ್ನು ಕೆಲವೇ ಗಂಟೆಗಳಲ್ಲಿ ಒಡೆದು ಕೋಶರಸಕ್ಕೆ ಜಾರಿ, ಬಾಲವಿಲ್ಲದ ದುಂಡನೆಯ ರೂಪ ತಾಳಿ, ಇಬ್ಭಾಗವಾಗುತ್ತ ನಾಲ್ಕೈದು ದಿನಗಳಲ್ಲಿ ಕೋಶವನ್ನೇ ತುಂಬಿಬಿಡುತ್ತದೆ. ಕೋಶ ಒಡೆದಾಗ ಹೊರಬಂದವು ರಕ್ತದೊಂದಿಗೆ ಹರಿದು ಹೊಸ ಕೋಶಗಳನ್ನು ಸೇರುತ್ತವೆ. ಸಿಡಿ8 ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಸೋಂಕಿತ ಕೋಶಗಳನ್ನು ಗುರುತಿಸಿ ಕೊಲ್ಲತೊಡಗುವುದು ಇಷ್ಟೆಲ್ಲ ನಡೆದ ಮೇಲೆ. ಅವು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನಿನಿಂದ ಚುರುಕುಗೊಂಡ ಮ್ಯಾಕ್ರೋಫೇಜ್‌ಗಳು (ರೋಗಾಣುಗಳನ್ನು ನುಂಗುವ ಕೋಶಗಳು) ನೈಟ್ರಿಕ್ ಆಕ್ಸೈಡ್ ತಯಾರಿಸಿ ಪರೋಪಜೀವಿಗಳನ್ನು ಸಾಯಿಸುತ್ತವೆ, ಪ್ರತಿಕಾಯಗಳೂ ಜೊತೆಗೂಡುತ್ತವೆ. ಎರಡು ತಿಂಗಳ ಹೊತ್ತಿಗೆ ರಕ್ತದಲ್ಲಿ ಸೂಕ್ಷ್ಮದರ್ಶಕಕ್ಕೆ ಏನೂ ಕಾಣದಷ್ಟು ಪರೋಪಜೀವಿಗಳು ಇಳಿದಿರುತ್ತವೆ.

ಆದರೆ ಇಳಿಯುತ್ತವೆಯೇ ಹೊರತು ಮುಗಿಯುವುದಿಲ್ಲ. ನಮ್ಮ ಎರೆ ಹೊಲಗಳಲ್ಲಿ ಎಷ್ಟು ಕುಂಟೆ ಹೊಡೆದರೂ ಕರಿಕೆಯ ಬೇರಿನ ತುಂಡೊಂದು ಮಣ್ಣಿನಾಳದಲ್ಲಿ ಉಳಿದೇ ಉಳಿಯುವಂತೆ, ಹೃದಯದ ಸ್ನಾಯು, ಕರುಳಿನ ಗೋಡೆ, ಕೊಬ್ಬಿನ ಅಂಗಾಂಶಗಳಲ್ಲಿ ಕೆಲವು ಪರೋಪಜೀವಿಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ವಿಭಜನೆಯನ್ನೇ ನಿಲ್ಲಿಸಿ ಸುಪ್ತವಾಗಿರುತ್ತವೆ ಎಂಬುದು 2018ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ಔಷಧಕ್ಕೂ ಅವು ಸುಲಭವಾಗಿ ಬಗ್ಗುವುದಿಲ್ಲ.

ಇಲ್ಲಿಂದ ಮುಂದೆ ಹೆಚ್ಚಿನವರಲ್ಲಿ ಒಂದು ಬಗೆಯ ಸಮತೋಲ ಏರ್ಪಡುತ್ತದೆ. ಉರಿಯೂತವನ್ನು ತಣಿಸುವ ಐಎಲ್-10ರಂತಹ ಸೈಟೊಕೈನ್‌ಗಳು (ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನುಗಳು) ಕೊಲ್ಲುವ ಶಕ್ತಿಗೆ ಕಡಿವಾಣ ಹಾಕಿರುತ್ತವೆ, ರೋಗಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ. ಸುಮಾರು ಮೂರನೇ ಒಂದು ಪಾಲಿನವರಲ್ಲಿ ಮಾತ್ರ ಹಲವು ವರ್ಷಗಳ ನಂತರ ಹೃದಯ ಕೆಡುತ್ತದೆ. ಅವರಲ್ಲಿ ಉರಿಯೂತ ಹೆಚ್ಚಿಸುವ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್ಎಫ್ ಎಂಬ ಸಂಕೇತಗಳು ಹೆಚ್ಚಾಗಿಯೂ, ತಣಿಸುವ ಸಂಕೇತಗಳು ಕಡಿಮೆಯಾಗಿಯೂ ಇರುತ್ತವೆ. ಟಿ-ಕೋಶಗಳು ಸ್ನಾಯುವಿನೊಳಗೆ ನುಗ್ಗುತ್ತವೆ, ಸತ್ತ ಸ್ನಾಯುಕೋಶಗಳ ಜಾಗದಲ್ಲಿ ನಾರು ಬೆಳೆಯುತ್ತದೆ, ವಿದ್ಯುತ್ ಸಂಕೇತ ಸಾಗುವ ದಾರಿಯೇ ತುಂಡಾಗಿ ಬಡಿತ ತಪ್ಪುತ್ತದೆ.

ಹಾಗಾದರೆ ತಪ್ಪಿತಸ್ಥ ಯಾರು? ಹೃದಯ ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನಿನ ಮೇಲೆ ದಾಳಿ ಮಾಡುವ ಪ್ರತಿಕಾಯಗಳು ಇಂಥ ರೋಗಿಗಳಲ್ಲಿ ಕಂಡುಬಂದದ್ದರಿಂದ ಇದನ್ನು ಸ್ವಪ್ರತಿರಕ್ಷಾ ಕಾಯಿಲೆ, ಅಂದರೆ ರೋಗನಿರೋಧಕ ಶಕ್ತಿ ನಮ್ಮದೇ ಅಂಗದ ಮೇಲೆ ತಿರುಗಿಬೀಳುವ ಕಾಯಿಲೆ ಎಂದು ಹಲವರು ಬಹುಕಾಲ ನಂಬಿದ್ದರು. ಆ ಪ್ರತಿಕಾಯಗಳಿಗೆ ಪಾತ್ರವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದೊಂದೇ ಕಾರಣವಾಗಿದ್ದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದಾಗ ರೋಗಿ ಸುಧಾರಿಸಬೇಕಿತ್ತಲ್ಲವೇ? ಆಗುವುದು ತದ್ವಿರುದ್ಧ. ಎಚ್ಐವಿ ಇರುವವರಲ್ಲಿ, ಹೃದಯ ಕಸಿಯ ನಂತರ ಪ್ರತಿರಕ್ಷೆ ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಅಡಗಿದ್ದ ಪರೋಪಜೀವಿ ಮತ್ತೆ ಎದ್ದು ಮಿದುಳಿಗೋ ಹೃದಯಕ್ಕೋ ನುಗ್ಗುತ್ತದೆ. ಆದ್ದರಿಂದ ಮೂಲ ಕಾರಣ ಅಳಿಯದೆ ಉಳಿದ ಪರೋಪಜೀವಿಯೇ, ಅದನ್ನು ಹಿಡಿದಿಡಲು ದಶಕಗಳ ಕಾಲ ನಡೆಯುವ ಉರಿಯೂತ ಹಾನಿಯ ದಾರಿ ಎಂಬುದು ನನಗೆ ಸರಿಯೆನಿಸುತ್ತದೆ.

ಚಿಕಿತ್ಸೆಯ ಅನುಭವವೂ ಇದಕ್ಕೆ ಹೊಂದುತ್ತದೆ. 2015ರಲ್ಲಿ ಪ್ರಕಟವಾದ ಬೆನಿಫಿಟ್ ಪ್ರಯೋಗದಲ್ಲಿ, ಆಗಲೇ ಹೃದಯ ಕೆಟ್ಟಿದ್ದ 2,854 ರೋಗಿಗಳ ಪೈಕಿ ಪರೋಪಜೀವಿಯನ್ನು ಕೊಲ್ಲುವ ಬೆಂಜ್ನಿಡಜೋಲ್ ಎಂಬ ಔಷಧ ಪಡೆದವರ ರಕ್ತದಲ್ಲಿ ಪರೋಪಜೀವಿ ಕಡಿಮೆಯಾಯಿತು. ಆದರೆ ಹೃದಯದ ಸ್ಥಿತಿ ಹದಗೆಡುವುದು ಗಣನೀಯವಾಗಿ ತಗ್ಗಲಿಲ್ಲ. ನಾರು ಬೆಳೆದ ಸ್ನಾಯುವನ್ನು ಔಷಧ ಮರಳಿ ತರಲಾರದು. ಅದೇ ಔಷಧವನ್ನು ತಾಯಿಯಿಂದ ಸೋಂಕು ಪಡೆದ ಶಿಶುವಿಗೆ ಹುಟ್ಟಿದ ಮೊದಲ ವರ್ಷದೊಳಗೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಪೂರ್ತಿ ಗುಣವಾಗುತ್ತಾರೆ.